ಸೊಪ್ಪಿನ ಗುಡ್ಲು, ಸೋಗೆಯ ಗುಡಿಸಲು

ಹಳೇ ಮೈಸೂರು ಸೀಮೆಯಲ್ಲಿ ಹುಡುಗಿ ಮೈನೆರೆದಾಗ ಸೋದರಮಾವ ಹಸಿರು ಸೊಪ್ಪು ತಂದು ಗುಡ್ಲು ಹಾಕುವುದು ವಾಡಿಕೆ. ಹುಡುಗಿಯನ್ನು ಅದರೊಳಗೆ ಕೂರಿಸಿ, ಕೊಬ್ಬರಿ ಬೆಲ್ಲ, ಎಳ್ಳಿನ ಚಿಗಳಿ, ತುಪ್ಪ ತಿನ್ನಿಸುತ್ತಾರೆ. ಸಂಜೆಯಾದರೆ ನೆರೆಹೊರೆಯ ಹೆಂಗಸರು ಬಂದು ಆರತಿ ಎತ್ತಿ ಒಸಗೆಯ ಹಾಡು ಹೇಳುತ್ತಾರೆ. ಹುಡುಗಿಯ ಮೈಯಿಂದ ಮೊದಲ ಸಲ ರಕ್ತ ಹೋಗಿದೆ ಎಂಬ ಸಂಗತಿಯನ್ನು ಕೇರಿಗೆಲ್ಲ ಕೇಳುವಂತೆ ಹಾಡಿ ಹೇಳಿದ ಜನ ನಾವು. ಅದೇ ಹಳೇ ಮೈಸೂರಿನ ತುಮಕೂರು ಸೀಮೆಯಲ್ಲಿ ಇನ್ನೊಂದು ಗುಡಿಸಲೂ ಇದೆ. ಕಾಡುಗೊಲ್ಲರ ಹಟ್ಟಿಯ ಆಚೆ, ಹೊಲದ ಬದಿಯಲ್ಲಿ, ತೆಂಗಿನ ಸೋಗೆಯನ್ನೋ ಟಾರ್ಪಾಲನ್ನೋ ಹೊದಿಸಿ ನಿಲ್ಲಿಸಿದ್ದು. ಮುಟ್ಟಾದ ಹೆಂಗಸು ಅಲ್ಲಿರಬೇಕು; ಹೆತ್ತವಳು ಕೂಸಿನ ಸಮೇತ ವಾರಗಟ್ಟಲೆ ಅಲ್ಲಿರಬೇಕು. 2023ರ ಜುಲೈ ತಿಂಗಳ ಮಳೆಗಾಳಿಯಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯ ಹೊರಗೆ ಇಂಥದೇ ಗುಡಿಸಲಿನಲ್ಲಿ ಬಾಣಂತಿಯೊಂದಿಗೆ ಇದ್ದ ಹಸುಗೂಸು ಶೀತ ಹಿಡಿದು ತೀರಿಕೊಂಡಿತು. ಒಂದೇ ರಕ್ತಕ್ಕೆ ಒಂದೇ ಸೀಮೆಯ ಜನ ಕಟ್ಟಿದ ಎರಡು ಗುಡ್ಲುಗಳಿವು. ಮೊದಲನೆಯದಕ್ಕೆ ಹಾಡಿದೆ, ಆರತಿಯಿದೆ, ಸಿಹಿಯಿದೆ. ಎರಡನೆಯದರ ಹಾಡು ನಮ್ಮ ಕಿವಿಗೆ ಬಿದ್ದಿಲ್ಲ. ಹೆಣ್ಣಿನ ಮೈಯನ್ನು ಕುರಿತ ನಮ್ಮ ಕಲೆ ಇಷ್ಟು ಕಾಲವೂ ಸೊಪ್ಪಿನ ಗುಡ್ಲಿನಲ್ಲೇ ಉಳಿದುಹೋಗಿದೆ. ಅದು ಸೋಗೆಯ ಗುಡಿಸಲಿಗೆ ಹೋಗದ ಹೊರತು ಆ ಗುಡಿಸಲು ಬೀಳುವುದಿಲ್ಲ. ಈ ಲೇಖನದ ವಾದ ಇಷ್ಟೇ.

ಕಲೆಗೂ ಗುಡಿಸಲು ಬೀಳುವುದಕ್ಕೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ಮಾತಿನಿಂದಲೇ ಶುರುವಾಗುತ್ತದೆ. ಕನ್ನಡದಲ್ಲಿ ಈ ಸ್ಥಿತಿಗೆ ಇರುವ ಹೆಸರು ‘ಮುಟ್ಟು’. ಯಾರನ್ನೂ ಏನನ್ನೂ ಮುಟ್ಟಬಾರದ ಮೂರು ದಿನಕ್ಕೆ ಮುಟ್ಟು ಎಂದೇ ಹೆಸರಾಯಿತು. ದೇಹದೊಳಗೆ ಏನು ನಡೆಯಿತು ಎಂಬುದು ಆ ಶಬ್ದದಲ್ಲಿ ಇಲ್ಲವೇ ಇಲ್ಲ. ಸುತ್ತಲಿನವರು ಅವಳೊಂದಿಗೆ ಹೇಗಿರಬೇಕು ಎಂಬ ಕಟ್ಟಳೆ ಮಾತ್ರ ಇದೆ. ‘ಹೊರಗಾಗಿದ್ದಾಳೆ’, ‘ದೂರ ಕೂತಿದ್ದಾಳೆ’, ‘ಕಾಗೆ ಮುಟ್ಟಿದೆ’ ಎಂಬ ಮಾತುಗಳೂ ಹಾಗೆಯೇ ಅವಳಿರುವ ಜಾಗವನ್ನು ಹೇಳುತ್ತವೆ, ಅವಳ ಸೊಂಟನೋವನ್ನು ಹೇಳುವುದಿಲ್ಲ. ಇದಕ್ಕಿಂತ ಕಹಿಯಾದ ಇನ್ನೊಂದು ಹಳೆಯ ಶಬ್ದವಿದೆ, ‘ಹೊಲೆ’. ರಜಸ್ಸಿಗೂ ಅದೇ ಶಬ್ದ, ಮೈಲಿಗೆಗೂ ಅದೇ ಶಬ್ದ. ಒಂದು ಜಾತಿಯನ್ನು ಊರಾಚೆ ಇಟ್ಟ ತರ್ಕವೂ ಹೆಂಡತಿ, ಮಗಳು, ಸೊಸೆಯನ್ನು ತಿಂಗಳಿಗೆ ಮೂರು ದಿನ ಹಿತ್ತಿಲಲ್ಲಿ ಕೂರಿಸಿದ ತರ್ಕವೂ ಒಂದೇ ಬೇರಿನವು ಎನ್ನುವುದನ್ನು ಭಾಷೆ ಬಚ್ಚಿಟ್ಟಿಲ್ಲ. ಇಂದಿನ ಹುಡುಗಿಯರು ‘ಡೇಟ್’, ‘ಪೀರಿಯಡ್ಸ್’ ಎನ್ನುತ್ತಾರೆ. ಅದರಲ್ಲಿ ನಾಜೂಕಿದೆ ಎಂದು ಹಿರಿಯರು ದೂರುವುದುಂಟು. ಕನ್ನಡದಲ್ಲಿ ಅವರಿಗೆ ಸಿಗುತ್ತಿದ್ದ ಶಬ್ದಗಳೆಲ್ಲ ಬಾಗಿಲಾಚೆ ನಿಲ್ಲಿಸುವಂಥವೇ ಆಗಿದ್ದಾಗ ಅವರು ಬೇರೆ ಭಾಷೆಯ ಮನೆಯೊಳಕ್ಕೆ ಹೋದರು. ಅದರಲ್ಲಿ ತಪ್ಪೇನಿದೆ?

ಮಾತಿನ ಹಿಂದೆ ಕಥೆ ಇರುತ್ತದೆ. ತೈತ್ತಿರೀಯ ಸಂಹಿತೆಯಲ್ಲಿ ಬರುವ ಪ್ರಸಂಗ ಹೀಗಿದೆ: ಇಂದ್ರ ವಿಶ್ವರೂಪನನ್ನು ಕೊಲ್ಲುತ್ತಾನೆ, ಬ್ರಹ್ಮಹತ್ಯೆಯ ದೋಷ ಅವನನ್ನು ಸುತ್ತಿಕೊಳ್ಳುತ್ತದೆ. ಅದನ್ನು ಅವನು ಮೂರು ಪಾಲು ಮಾಡಿ ಭೂಮಿಗೆ, ಮರಗಳಿಗೆ, ಹೆಂಗಸರಿಗೆ ಹಂಚಿ ತಾನು ಹಗುರಾಗುತ್ತಾನೆ. ಭೂಮಿಗೆ ಬಿರುಕು, ಮರಕ್ಕೆ ಅಂಟು, ಹೆಣ್ಣಿಗೆ ಮುಟ್ಟು. ಕೊಲೆ ಮಾಡಿದವನು ಒಬ್ಬ, ಹೊತ್ತವರು ಮೂವರು. ತಿಂಗಳಿಗೊಮ್ಮೆ ಗರ್ಭಕೋಶದ ಒಳಪದರ ಕಳಚಿ ಹೊರಬರುವುದು, ಅದರೊಂದಿಗೆ ಸಾಮಾನ್ಯವಾಗಿ 30ರಿಂದ 40 ಮಿಲಿಲೀಟರ್‌ನಷ್ಟು, ಅಂದರೆ ಸಣ್ಣ ಕಾಫಿ ಲೋಟದ ಅರ್ಧಕ್ಕೂ ಕಡಿಮೆ ರಕ್ತ ಹೋಗುವುದು ಶರೀರದ ಕೆಲಸ. ಆ ರಕ್ತಕ್ಕೆ ಪಾಪದ ಅರ್ಥ ಬಂದದ್ದು ಕಥೆಯಿಂದ. ಮೈಲಿಗೆ ಎನ್ನುವುದು ಕಣ್ಣಿಗೆ ಕಾಣುವ ಕೊಳೆಯಾಗಿದ್ದರೆ ಸೋಪು ನೀರು ಸಾಕಿತ್ತು. ಅದು ಕಥೆಯಾಗಿರುವುದರಿಂದ ಅದನ್ನು ತೊಳೆಯಲು ಇನ್ನೊಂದು ಕಥೆಯೇ, ಇನ್ನೊಂದು ಚಿತ್ರವೇ ಬೇಕು. ನನ್ನ ವಾದದ ಗಂಟು ಇಲ್ಲಿದೆ.

ಅಂಥ ಇನ್ನೊಂದು ಕಥೆ ಕರ್ನಾಟಕದಲ್ಲೇ ಇದೆ. ಇಂದ್ರನ ದೋಷದ ಪಾಲುದಾರಳಾದ ಆ ಭೂಮಿಯನ್ನು ತುಳುನಾಡಿನವರು ಹೇಗೆ ನೋಡಿದರು ಎನ್ನುವುದನ್ನು ಗಮನಿಸಬೇಕು. ಮಕರ ಮಾಸದ ಕೊನೆಗೆ, ಫೆಬ್ರವರಿಯಲ್ಲಿ, ಅಲ್ಲಿ ಮೂರು ದಿನ ಕೆಡ್ಡಸ. ಭೂಮಿತಾಯಿ ಮುಟ್ಟಾಗಿದ್ದಾಳೆ ಎಂಬ ನಂಬಿಕೆಯಲ್ಲಿ ನೆಲ ಉಳುವುದಿಲ್ಲ, ಅಗೆಯುವುದಿಲ್ಲ, ಹಸಿ ಮರ ಕಡಿಯುವುದಿಲ್ಲ. ಅಕ್ಕಿ, ಹುರುಳಿಯನ್ನು ಹುರಿದು ಬೆಲ್ಲ ತೆಂಗಿನಕಾಯಿ ಬೆರೆಸಿ ನನ್ನೇರಿ ಮಾಡುತ್ತಾರೆ. ಕೊನೆಗೆ ಹೆಂಗಸರು ತುಳಸಿಕಟ್ಟೆಯ ಬಳಿ ಭೂಮಿಯ ಸ್ನಾನಕ್ಕೆಂದು ಎಣ್ಣೆ, ಸೀಗೆ, ಅರಿಸಿನ ಇಡುತ್ತಾರೆ. ನೆಲಕ್ಕೆ ಎಣ್ಣೆ ಬಿಡುವ ಆ ಕೈಯಲ್ಲಿ ಅಂಜಿಕೆಯಿಲ್ಲ, ಬಾಣಂತಿಗೆ ನೀರು ಹಾಕುವ ಅಕ್ಕರೆಯಿದೆ. ಮುಟ್ಟಾದವಳಿಗೆ ಬೇಕಾದದ್ದೂ ಇಷ್ಟೇ, ಬಿಡುವು, ಬಿಸಿನೀರು, ತಿನ್ನಲು ಏನಾದರೂ. ಇಷ್ಟು ಚೆನ್ನಾಗಿ ತಿಳಿದುಕೊಂಡ ಜನರೇ ಮನೆಯ ಹೆಣ್ಣಿನ ಮಟ್ಟಿಗೆ ಬಂದಾಗ ಬಾವಿಕಟ್ಟೆ ಹತ್ತಬೇಡ, ಅಡುಗೆಮನೆಗೆ ಕಾಲಿಡಬೇಡ ಎಂದದ್ದೂ ನಿಜ. ಭೂಮಿಗೆ ಸಿಕ್ಕ ಅಕ್ಕರೆ ಹೆಣ್ಣಿಗೆ ಸಿಗಲಿಲ್ಲ. ‘ನಮ್ಮ ಸಂಸ್ಕೃತಿ ಮುಟ್ಟನ್ನು ಪೂಜಿಸುತ್ತದೆ, ಅಸ್ಸಾಮಿನ ಕಾಮಾಖ್ಯೆಯನ್ನು ನೋಡಿ, ಕೇರಳದ ಚೆಂಗನ್ನೂರನ್ನು ನೋಡಿ, ನಿಮಗೇಕೆ ಹೊಸ ಕಲೆ’ ಎನ್ನುವವರಿಗೆ ಉತ್ತರ ಇದರಲ್ಲೇ ಇದೆ. ದೇವಿಯ ಮುಟ್ಟಿಗೆ ಜಾತ್ರೆಯಾಗುತ್ತದೆ. ಆ ದೇವಿಯ ಗುಡಿಯೊಳಗೆ ಮುಟ್ಟಾದ ಹೆಂಗಸು ಬರುವಂತಿಲ್ಲ. ಪೂಜೆ ಅವಳನ್ನು ಬಾಗಿಲಾಚೆಯಿಂದ ಒಳಗೆ ಕರೆದಿಲ್ಲ.

ಅವಳನ್ನು ಒಳಗೆ ಕರೆದ ಪರಂಪರೆಯೊಂದೂ ನಮ್ಮಲ್ಲಿದೆ. ಅದನ್ನು ಹೇಳಲು ತುಮಕೂರಿನ ಕ್ಯಾತ್ಸಂದ್ರದ ಹೆಸರು ಇಲ್ಲಿ ಬರಲೇಬೇಕು. ಬೆಂಗಳೂರಿನಿಂದ ಬರುವವರಿಗೆ ತಟ್ಟೆ ಇಡ್ಲಿಯ ಊರಾಗಿ ಕಾಣುವ ಈ ಕ್ಯಾತ್ಸಂದ್ರದ ಪಕ್ಕದ ಬೆಟ್ಟದ ತಪ್ಪಲಲ್ಲಿ ಸಿದ್ಧಗಂಗಾ ಮಠವಿದೆ. ಅಲ್ಲಿ ಸಾವಿರಾರು ಮಕ್ಕಳು ದಿನವೂ ಸಾಲಾಗಿ ಕೂತು ಪ್ರಾರ್ಥನೆ ಮಾಡುತ್ತಾರೆ, ವಚನ ಹೇಳುತ್ತಾರೆ. ಆ ವಚನಗಳ ಪರಂಪರೆ ಹನ್ನೆರಡನೆಯ ಶತಮಾನದಲ್ಲೇ ಪಂಚಸೂತಕಗಳನ್ನು ತಳ್ಳಿಹಾಕಿತು. ಜನನ, ಮರಣ, ಜಾತಿ, ಎಂಜಲು, ರಜಸ್ಸು, ಈ ಐದರಲ್ಲಿ ಯಾವುದರಿಂದಲೂ ಲಿಂಗವಂತರಿಗೆ ಮೈಲಿಗೆಯಿಲ್ಲ ಎಂದಿತು. ಬಸವಣ್ಣನವರು ಇನ್ನೂ ಮುಂದೆ ಹೋದರು. ರಜಸ್ಸಿಲ್ಲದೆ ಪಿಂಡ ನಿಲ್ಲುವುದಕ್ಕೆ ಎಡೆಯೇ ಇಲ್ಲ, ಹಾಗಿರುವಾಗ ಕುಲಜ ಎಂದು ಹೇಳಿಕೊಳ್ಳುವುದಕ್ಕೆ ಯಾರಿಗೆ ಆಧಾರವಿದೆ ಎಂಬ ಅರ್ಥದ ಅವರ ವಚನ ಜಾತಿಯ ಹೊಲೆಯನ್ನೂ ಹೆಣ್ಣಿನ ಹೊಲೆಯನ್ನೂ ಒಂದೇ ಏಟಿಗೆ ಒಡೆಯುತ್ತದೆ. ತುಮಕೂರು ಜಿಲ್ಲೆಯಂತೂ ಈ ಪರಂಪರೆಯ ದೊಡ್ಡ ಮನೆ. ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ಸಿದ್ಧಲಿಂಗೇಶ್ವರರ ಗದ್ದುಗೆಯಿದೆ, ಗುಬ್ಬಿಯಲ್ಲಿ ಚನ್ನಬಸವೇಶ್ವರರ ಗುಡಿಯಿದೆ. ಹೀಗಿದ್ದೂ ಇದೇ ಜಿಲ್ಲೆಯಲ್ಲಿ, ಬೇರೆ ಬೇರೆ ಜಾತಿಗಳಲ್ಲಿ, ಶರಣರ ಹೆಸರು ಹೇಳುವ ಮನೆಗಳೂ ಸೇರಿದಂತೆ, ಮುಟ್ಟಾದವಳು ಇಂದಿಗೂ ದೇವರ ಮನೆಯ ಹೊಸಿಲು ದಾಟುವುದಿಲ್ಲ. ಒಂಬೈನೂರು ವರ್ಷ ಹಳೆಯ ಮಾತು ಮನೆಯ ಹೊಸಿಲಿನವರೆಗೆ ಬಂದು ಅಲ್ಲೇ ನಿಂತದ್ದೇಕೆ?

ನನಗೆ ಕಾಣುವ ಕಾರಣ ಇದು. ವಚನಗಳು ಮುಟ್ಟಿನ ಮೈಲಿಗೆಯನ್ನು ಅಲ್ಲಗಳೆದವು, ಆದರೆ ಮುಟ್ಟನ್ನು ನಿತ್ಯದ ಸಂಗತಿಯಾಗಿ ಎದುರಿಗೆ ತಂದು ನಿಲ್ಲಿಸಲಿಲ್ಲ. ಲಿಂಗ ಮೈಮೇಲೆ ಬಂದ ಕೂಡಲೇ ಆ ಮೈ ಪ್ರಸಾದಕಾಯವಾಗುತ್ತದೆ, ಆಗ ಸೂತಕದ ಪ್ರಶ್ನೆಯೇ ಏಳುವುದಿಲ್ಲ. ಇದು ದೊಡ್ಡ ಬಿಡುಗಡೆ, ಸಂದೇಹವಿಲ್ಲ. ಆದರೆ ಇದರಲ್ಲಿ ದೇಹ ದೇಹವಾಗಿಯೇ ಗೆದ್ದಂತಾಗಲಿಲ್ಲ, ದೇಹವನ್ನು ಮೀರಿದ್ದಕ್ಕೆ ಗೆಲುವು ಸಿಕ್ಕಿತು. ಮೊಲೆ ಮುಡಿ ಕಂಡರೆ ಹೆಣ್ಣೆನ್ನುತ್ತಾರೆ, ಗಡ್ಡ ಮೀಸೆ ಕಂಡರೆ ಗಂಡೆನ್ನುತ್ತಾರೆ, ಒಳಗಿರುವ ಆತ್ಮ ಎರಡೂ ಅಲ್ಲ ಎಂದು ದೇವರ ದಾಸಿಮಯ್ಯ ಹೇಳಿದ್ದೂ ಇದೇ ದಾರಿಯಲ್ಲಿ. ಅಕ್ಕಮಹಾದೇವಿ ಮಾತ್ರ ಮೈಯನ್ನೇ ತೆಗೆದುಕೊಂಡು ಅನುಭವ ಮಂಟಪಕ್ಕೆ ಬಂದವಳು. ಸೀರೆ ಬಿಟ್ಟವಳು ಕೂದಲಲ್ಲಿ ಮೈ ಮುಚ್ಚಿಕೊಂಡಿದ್ದೇಕೆ ಎಂದು ಅಲ್ಲಮ ಕೇಳಿದನೆಂದೂ, ನೋಡುವ ನಿಮಗೆ ನೋವಾದೀತೆಂದು ಎಂಬರ್ಥದ ಉತ್ತರ ಕೊಟ್ಟಳೆಂದೂ ಶೂನ್ಯಸಂಪಾದನೆ ಹೇಳುತ್ತದೆ. ಆ ಉತ್ತರದಲ್ಲಿ ನಾಚಿಕೆ ಅವಳದ್ದಲ್ಲ, ನೋಡುವವನದ್ದು. ನಮ್ಮ ಕ್ಯಾಲೆಂಡರ್ ಚಿತ್ರಕಾರರು ಆಮೇಲೆ ಏನು ಮಾಡಿದರು? ಅವಳ ಕೂದಲನ್ನು ಮೊಣಕಾಲಿನವರೆಗೂ ಇಳಿಬಿಟ್ಟು, ಸೀರೆಗಿಂತ ದಪ್ಪವಾಗಿ ಬರೆದು, ಕೈಗೆ ಲಿಂಗ ಕೊಟ್ಟು, ಕಣ್ಣು ಮುಚ್ಚಿಸಿದರು. ನೋಡುವವನ ನಾಚಿಕೆ ಮತ್ತೆ ಅವಳ ಮೈಮೇಲೆ ಬಂದು ಕೂತಿತು. ಮಾತಿನಲ್ಲಿ ಗೆದ್ದದ್ದನ್ನು ನಾವು ಚಿತ್ರದಲ್ಲಿ ಕಳೆದುಕೊಂಡೆವು.

ಚಿತ್ರದಲ್ಲಿ ಕಳೆದುಕೊಂಡದ್ದರ ಇನ್ನೂ ಹಳೆಯ ಸಾಕ್ಷಿ ಬಾದಾಮಿಯಲ್ಲಿದೆ. ನಾಗನಾಥಕೊಳ್ಳದಲ್ಲಿ ಸಿಕ್ಕ, ಚಾಲುಕ್ಯರ ಕಾಲದ ಲಜ್ಜಾಗೌರಿಯ ಶಿಲ್ಪ ಅಲ್ಲಿನ ವಸ್ತುಸಂಗ್ರಹಾಲಯದಲ್ಲಿದೆ. ಕಾಲು ಮಡಚಿ ಅಗಲಿಸಿ, ಹೆರುವವಳಂತೆ ಮಲಗಿದ ಹೆಣ್ಣು. ಮೈಮೇಲೆ ಒಡವೆಗಳಿವೆ. ಹೊಟ್ಟೆಯ ದುಂಡು, ಮೊಲೆಯ ತುಂಬು, ಯೋನಿ, ಎಲ್ಲವನ್ನೂ ಶಿಲ್ಪಿ ಒಂದಿಷ್ಟೂ ಅಳುಕಿಲ್ಲದೆ ಕಡೆದಿದ್ದಾನೆ. ಹಣೆಬರಹ ನೋಡಿ, ಅವಳಿಗೆ ಲಜ್ಜಾಗೌರಿ ಎಂದು ಹೆಸರು ಬಂತು. ಕಡೆದವನಿಗೆ ಇಲ್ಲದ ಲಜ್ಜೆ ಹೆಸರಿಟ್ಟವರಿಗೆ ಇತ್ತು. ಮರಾಠಿಯ ವಿದ್ವಾಂಸ ರಾ. ಚಿಂ. ಢೇರೆ ಈ ದೇವತೆಯ ಮೇಲೆ 1978ರಲ್ಲಿ ಒಂದು ಇಡೀ ಪುಸ್ತಕ ಬರೆದರು. ದಖ್ಖನಿನ ಹಲವು ಕಡೆ, ಐಹೊಳೆಯ ಹತ್ತಿರದ ಸಿದ್ಧನಕೊಳ್ಳದಲ್ಲಿ ಕೂಡ, ಇಂಥ ಮೂರ್ತಿಗಳಿವೆ. ಮಕ್ಕಳಾಗಲೆಂದು ಹೆಂಗಸರು ಬಂದು ಎಣ್ಣೆ ಹಚ್ಚಿ ಕುಂಕುಮ ಇಡುತ್ತಾರೆ. ಆದರೆ ಈ ಅಪೂರ್ವ ಶಿಲ್ಪದಲ್ಲಿ ಒಂದು ಕೊರತೆ ಕಾಡುತ್ತದೆ. ಅವಳಿಗೆ ತಲೆಯಿಲ್ಲ. ಕತ್ತಿನ ಮೇಲೆ ಅರಳಿದ ತಾವರೆಯಿದೆ. ತಾವರೆ ಸಮೃದ್ಧಿಯ ಸಂಕೇತ, ಅದು ತಲೆಗಿಂತ ಹೆಚ್ಚಿನದು ಎಂದು ಕಲಾ ಇತಿಹಾಸ ತಿಳಿದವರು ಹೇಳಬಹುದು. ಒಪ್ಪುತ್ತೇನೆ. ಆದರೂ ತಾವರೆಗೆ ಕಣ್ಣಿಲ್ಲ, ಬಾಯಿಲ್ಲ. ಹೆರುವ ಮೈ ಇದೆ, ‘ನೋವಾಗುತ್ತಿದೆ’ ಎನ್ನುವ ಮುಖವಿಲ್ಲ. ಒಸಗೆಯ ಹಾಡುಗಳನ್ನು ಮತ್ತೆ ಕೇಳಿದರೆ ಅಲ್ಲೂ ಇದೇ ಕಾಣುತ್ತದೆ. ಹಾಡು ಕೊಂಡಾಡುವುದು ಅವಳು ಇನ್ನು ಹೆರಬಲ್ಲಳು ಎನ್ನುವುದನ್ನು, ಬರಲಿರುವ ಗಂಡನನ್ನು, ಬೆಳೆಯಲಿರುವ ಬಳ್ಳಿಯನ್ನು. ಗುಡ್ಲೊಳಗೆ ಕೂತ ಹನ್ನೆರಡು ಹದಿಮೂರರ ಹುಡುಗಿ ತನಗೇನನ್ನಿಸಿತೆಂದು ಹೇಳುವುದಿಲ್ಲ. ಅವಳನ್ನು ಕೇಳಿದವರೂ ಇಲ್ಲ. ಹಾಗಾಗಿಯೇ ಸೊಪ್ಪಿನ ಗುಡ್ಲು ಬಿಚ್ಚಿದ ಮರುತಿಂಗಳಿನಿಂದಲೇ ಅವಳು ಹಿತ್ತಿಲ ಬಾಗಿಲಿಗೆ ಹೋಗುತ್ತಾಳೆ, ಯಾರಿಗೂ ಅದರಲ್ಲಿ ವಿರೋಧ ಕಾಣುವುದಿಲ್ಲ. ಹಾಡಿದ್ದು ಅವಳ ಗರ್ಭಕ್ಕೆ. ತಿಂಗಳ ರಕ್ತವೆಂದರೆ ಈ ಸಲ ಗರ್ಭ ನಿಲ್ಲಲಿಲ್ಲ ಎಂಬ ಸುದ್ದಿ. ಅದಕ್ಕೆ ಹಾಡು ಕಟ್ಟುವವರು ಯಾರು? 35 ವರ್ಷ, ತಿಂಗಳಿಗೆ ಮೂರು ದಿನದ ಲೆಕ್ಕ ಹಿಡಿದರೂ 1,260 ದಿನ. ಒಬ್ಬ ಹೆಣ್ಣಿನ ಬದುಕಿನ ಸುಮಾರು ಮೂರೂವರೆ ವರ್ಷ ನಮ್ಮ ಹಾಡು, ಶಿಲ್ಪ, ಚಿತ್ರಗಳ ಹೊರಗೆ ಉಳಿದುಬಿಟ್ಟಿದೆ.

ಕಲೆಗೆ ಇಷ್ಟು ಭಾರ ಹೊರಿಸುವುದೇಕೆ, ಕಾನೂನಿದೆಯಲ್ಲ ಎಂಬ ಪ್ರಶ್ನೆಗೆ ತುಮಕೂರು ಜಿಲ್ಲೆಯ ಅನುಭವವೇ ಉತ್ತರ ಹೇಳುತ್ತದೆ. 2017ರಲ್ಲಿ ವಿಧಾನಮಂಡಲ ಒಪ್ಪಿ, 2020ರ ಜನವರಿಯಿಂದ ಜಾರಿಯಾದ ಅಮಾನವೀಯ ದುಷ್ಟ ಪದ್ಧತಿಗಳ ನಿರ್ಮೂಲನ ಕಾಯ್ದೆಯಲ್ಲಿ ಮುಟ್ಟಾದವರನ್ನು, ಗರ್ಭಿಣಿಯರನ್ನು ಬಲವಂತವಾಗಿ ಊರಾಚೆ ಇಡುವುದು ಅಪರಾಧವೆಂದು ಸ್ಪಷ್ಟವಾಗಿ ಬರೆದಿದೆ. ಮಲ್ಲೇನಹಳ್ಳಿಯ ಕೂಸು ಸತ್ತದ್ದು ಆ ಕಾಯ್ದೆ ಜಾರಿಯಾಗಿ ಮೂರೂವರೆ ವರ್ಷವಾದ ಮೇಲೆ. ಅದಾದ ಕೆಲವು ವಾರಗಳಲ್ಲಿ ಗುಬ್ಬಿಯ ನ್ಯಾಯಾಧೀಶೆಯೊಬ್ಬರು ತಾವೇ ಗೊಲ್ಲರಹಟ್ಟಿಗೆ ಹೋಗಿ, ಹೊರಗಿದ್ದ ಬಾಣಂತಿಯನ್ನೂ ಮಗುವನ್ನೂ ಮನೆಯೊಳಗೆ ಸೇರಿಸಿದರು. ಆ ಹೆಜ್ಜೆಗೆ ಕೈಮುಗಿಯಬೇಕು. ಆದರೆ ನ್ಯಾಯಾಧೀಶರು ಪ್ರತಿ ಹಟ್ಟಿಗೆ ಪ್ರತಿ ತಿಂಗಳು ಹೋಗಲಾರರು. ಸರ್ಕಾರ ಹಿಡಿದ ಇನ್ನೊಂದು ದಾರಿ ‘ಕೃಷ್ಣ ಕುಟೀರ’. ಗುಡಿಸಲಿನ ಬದಲು ಹಟ್ಟಿಯ ಬಳಿ ಹೆಂಗಸರಿಗೆ ಇಟ್ಟಿಗೆ ಗೋಡೆಯ ಕಟ್ಟಡ. ಮಳೆಗೆ ನೆನೆಯುವುದು ತಪ್ಪಿತು, ಹಾವು ಚೇಳಿನ ಭಯ ತಪ್ಪಿತು, ಇದು ಸಣ್ಣ ಸಂಗತಿಯೇನೂ ಅಲ್ಲ. ಆದರೆ ಆ ಗೋಡೆಗಳು ‘ನೀನು ಹೊರಗೇ ಇರತಕ್ಕವಳು’ ಎಂಬ ಮಾತನ್ನು ಸೋಗೆಯಿಂದ ಸಿಮೆಂಟಿಗೆ ಏರಿಸಿದವು. ಮನಸ್ಸಿನ ಒಳಗಿರುವ ಚಿತ್ರ ಬದಲಾಗದೆ ಕಟ್ಟಡ ಬದಲಾದರೆ ಇಷ್ಟೇ ಆಗುವುದು. ಪ್ಯಾಡ್ ಹಂಚಿಕೆಯ ಕಥೆಯೂ ಬೇರೆಯಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಮುಟ್ಟಿನ ಸಮಯದಲ್ಲಿ ಶುಚಿಯಾದ ಸಾಧನ ಬಳಸುವ 15ರಿಂದ 24 ವರ್ಷದ ಹೆಣ್ಣುಮಕ್ಕಳು ದೇಶದಲ್ಲಿ 2015–16ರಲ್ಲಿ ಶೇ 57.6ರಷ್ಟಿದ್ದರು, 2019–21ರಲ್ಲಿ ಶೇ 77.3ಕ್ಕೆ ಏರಿದರು. ಸಂತೋಷದ ಏರಿಕೆ. ಆದರೆ ಅದೇ ಪ್ಯಾಡನ್ನು ಮೆಡಿಕಲ್ ಶಾಪಿನವರು ಈಗಲೂ ಹಳೆಯ ಪೇಪರಿನಲ್ಲಿ ಸುತ್ತಿ, ಕಪ್ಪು ಕವರಿಗೆ ಹಾಕಿ, ಪಕ್ಕದಲ್ಲಿ ನಿಂತ ಗಂಡಸಿನತ್ತ ಒಮ್ಮೆ ನೋಡಿ ಕೈಗೆ ಕೊಡುತ್ತಾರೆ. ಕೆಮ್ಮಿನ ಔಷಧಿಯನ್ನು ಯಾರೂ ಹಾಗೆ ಸುತ್ತುವುದಿಲ್ಲ. ವಸ್ತು ಮನೆಮನೆಗೆ ತಲುಪಿತು, ಅದನ್ನು ನೋಡುವ ಕಣ್ಣು ಇದ್ದಲ್ಲೇ ಇದೆ.

ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬರುವ ವಾದವೆಂದರೆ ವಿಶ್ರಾಂತಿಯದ್ದು. ಹಿಂದಿನವರು ದಡ್ಡರಲ್ಲ, ಮೂರು ದಿನ ಹೆಂಗಸಿಗೆ ಕೆಲಸ ತಪ್ಪಿಸಲೆಂದೇ ದೂರ ಕೂರಿಸಿದರು, ಅದರಲ್ಲಿ ವಿಜ್ಞಾನವಿದೆ ಎಂದು ಓದಿದವರೂ ಹೇಳುತ್ತಾರೆ. ಈ ಮಾತನ್ನು ಹಗುರಾಗಿ ತಳ್ಳಿಹಾಕಬಾರದು. ಒಲೆ, ಬಾವಿ, ಒನಕೆಯ ನಡುವೆ ಸೊಂಟ ಮುರಿಯುತ್ತಿದ್ದ ಕಾಲದಲ್ಲಿ ಆ ಮೂರು ದಿನ ಕೆಲವರಿಗೆ ಉಸಿರಾಡಲು ಸಿಕ್ಕ ಬಿಡುವೂ ಆಗಿದ್ದಿರಬೇಕು; ಹಾಗೆಂದು ನೆನೆಯುವ ಅಜ್ಜಿಯರ ಮಾತು ಸುಳ್ಳೆನ್ನಲು ನಾವು ಯಾರು? ಆದರೆ ವಿಶ್ರಾಂತಿಯ ಲಕ್ಷಣ ಒಂದಿದೆ: ಬೇಡವೆಂದರೆ ಬಿಡುವ ಹಕ್ಕು. ಅಡುಗೆಮನೆಗೆ ಬರಬೇಡ ಎಂದವರೇ ಹೊಲದ ಕಳೆಗೆ, ಸೌದೆಗೆ, ಬಟ್ಟೆಯ ರಾಶಿಗೆ ಅವಳನ್ನು ಕಳಿಸಿದರು. ಮುಟ್ಟಾದವಳು ಮುಟ್ಟಿದರೆ ಉಪ್ಪಿನಕಾಯಿ ಕೆಡುತ್ತದೆ, ರಾಗಿ ತೆನೆಗೆ ಅವಳು ಮುಟ್ಟಿದ್ದು ತಿಳಿಯುವುದೇ ಇಲ್ಲ. ಬಾಣಂತಿಯನ್ನು ಮಳೆಯಲ್ಲಿ ಹೊರಗಿಟ್ಟದ್ದರಲ್ಲಂತೂ ವಿಶ್ರಾಂತಿಯ ಸುಳಿವೂ ಇಲ್ಲ. 2025ರ ಅಕ್ಟೋಬರ್ 9ರಂದು ರಾಜ್ಯ ಸಚಿವ ಸಂಪುಟ ಸರ್ಕಾರಿ ಮತ್ತು ಖಾಸಗಿ ವಲಯದ ಮಹಿಳೆಯರಿಗೆ ತಿಂಗಳಿಗೆ ಒಂದರಂತೆ ವರ್ಷಕ್ಕೆ 12 ದಿನ ವೇತನಸಹಿತ ಋತುಚಕ್ರ ರಜೆಗೆ ಒಪ್ಪಿಗೆ ಕೊಟ್ಟಿತು. ವಿಶ್ರಾಂತಿಯೇ ಉದ್ದೇಶವಾದರೆ ಅದು ಹೀಗಿರುತ್ತದೆ. ಅವಳು ಕೇಳಿದಾಗ ಸಿಗುತ್ತದೆ, ಕೇಳದಿದ್ದರೆ ಹೇರುವುದಿಲ್ಲ, ತಟ್ಟೆ ಲೋಟ ಬೇರೆ ಇಡುವುದಿಲ್ಲ. ಈ ರಜೆ ಕೇಳಲಿಕ್ಕೂ ಬಾಯಿ ಬೇಕು. ಗಾರ್ಮೆಂಟ್ ಕಾರ್ಖಾನೆಯ ಹುಡುಗಿ ಸೂಪರ್‌ವೈಸರನ ಎದುರು ನಿಂತು ‘ಸರ್, ನನಗೆ ಮುಟ್ಟಾಗಿದೆ, ಇವತ್ತು ರಜೆ ಬೇಕು’ ಎನ್ನಬೇಕು. ಆ ಒಂದು ವಾಕ್ಯವನ್ನು ನಾಟಕದಲ್ಲೋ ಸಿನಿಮಾದಲ್ಲೋ ಕಥೆಯಲ್ಲೋ ಹತ್ತು ಸಲ ಕೇಳಿದ್ದವಳಿಗೆ ಹೇಳುವುದು ಸುಲಭ, ಕೇಳಿಸಿಕೊಳ್ಳುವವನಿಗೂ ಸುಲಭ.

ಕಲೆ ಅಂಥ ಕೆಲಸ ಮಾಡಬಲ್ಲದು ಎನ್ನುವುದಕ್ಕೆ ಗುಬ್ಬಿಯೇ ಸಾಕ್ಷಿ. 1884ರಲ್ಲಿ ಅಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘದ ಹೊತ್ತಿನಲ್ಲಿ ರಂಗದ ಮೇಲೆ ಹೆಣ್ಣೆಂದರೆ ಸೀರೆ ಉಟ್ಟ ಗಂಡಸು. ನಾಚುವುದು ಹೇಗೆ, ಅಳುವುದು ಹೇಗೆ ಎಂದು ಗಂಡಸರೇ ಕಲ್ಪಿಸಿಕೊಂಡು ಆಡಿ ತೋರಿಸಿದ್ದನ್ನು ಊರೆಲ್ಲ ಹೆಣ್ತನವೆಂದು ನಂಬುತ್ತಿತ್ತು. ಮರ್ಯಾದಸ್ಥರ ಮನೆಯ ಹೆಣ್ಣು ನಾಲ್ಕು ಜನರೆದುರು ಮೈ ತೋರಿಸಿ ನಿಲ್ಲುವುದೇ ಎಂಬ ಕೂಗನ್ನು ದಾಟಿ, ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಬಿ. ಜಯಮ್ಮನಂಥ ನಟಿಯರು ಬಂದರು, ಹಾಡಿದರು, ರಾತ್ರಿಯಿಂದ ರಾತ್ರಿಗೆ ಊರಿಂದ ಊರಿಗೆ ಆಡಿದರು. ಯಾವ ಭಾಷಣವೂ ಮಾಡದ ಕೆಲಸವನ್ನು ಆ ರೂಢಿ ಮಾಡಿತು. ಕಣ್ಣು ಪಳಗಿತು. ಇಂದು ನಾಟಕದಲ್ಲಿ ಹೆಣ್ಣಿನ ಪಾತ್ರವನ್ನು ಹೆಣ್ಣು ಮಾಡುವುದಕ್ಕೆ ಯಾರೂ ಹುಬ್ಬೇರಿಸುವುದಿಲ್ಲ. ಮುಟ್ಟಿಗೂ ಆಗಬೇಕಿರುವುದು ಇದೇ ಪಳಗುವಿಕೆ.

ಹಾಗಾದರೆ ಪಳಗಿಸುವ ಕಲೆ ಎಂಥದು? ಅಮೆರಿಕದಲ್ಲಿ ಜೂಡಿ ಚಿಕಾಗೋ 1971ರಲ್ಲಿ ‘ರೆಡ್ ಫ್ಲ್ಯಾಗ್’ ಎಂಬ ಮುದ್ರಣಚಿತ್ರದಲ್ಲಿ ಮುಟ್ಟಿನ ರಕ್ತವನ್ನು ನೇರವಾಗಿ ತೋರಿಸಿದರು. ಮರುವರ್ಷ ಲಾಸ್ ಏಂಜಲೀಸಿನ ‘ವುಮನ್‌ಹೌಸ್’ ಪ್ರದರ್ಶನದಲ್ಲಿ ಬಿಳಿಯ ಸ್ನಾನದ ಮನೆಯೊಂದರಲ್ಲಿ ಬಳಸಿದ ಪ್ಯಾಡುಗಳನ್ನು ಇಟ್ಟರು. 2015ರಲ್ಲಿ ಪಂಜಾಬಿ ಮೂಲದ ಕೆನಡಾದ ಕವಿ ರೂಪಿ ಕೌರ್ ಮಲಗಿದ ಹೆಣ್ಣಿನ ಬಟ್ಟೆ, ಹಾಸಿಗೆಯ ಮೇಲೆ ಕೆಂಪು ಕಲೆಯಿರುವ ಫೋಟೊ ಹಾಕಿದಾಗ ಇನ್‌ಸ್ಟಾಗ್ರಾಮ್ ಅದನ್ನು ತೆಗೆದುಹಾಕಿತು, ಪ್ರತಿಭಟನೆಯಾದ ಮೇಲೆ ಕ್ಷಮೆ ಕೇಳಿತು. ಇಂಥದನ್ನು ಕಂಡಾಗ ನಮ್ಮಲ್ಲಿ ಬರುವ ಮೊದಲ ಮಾತು ‘ಇದು ಅಸಹ್ಯ, ಇದು ಪಶ್ಚಿಮದ ಹುಚ್ಚು, ಕಲೆಯೆಂದರೆ ಸೌಂದರ್ಯ’ ಎಂದು. ಅಸಹ್ಯದ ಮಾತಿಗೆ ಲಜ್ಜಾಗೌರಿಯನ್ನು ಕಡೆದ ಕೈಯೇ ಸಮಾಧಾನ ಹೇಳಲಿ. ರಣರಂಗದ ನೆತ್ತರನ್ನು ಓಕುಳಿಗೆ ಹೋಲಿಸಿ ಪುಟಗಟ್ಟಲೆ ವರ್ಣಿಸಿದ ಕಾವ್ಯವನ್ನು ತಲೆಯ ಮೇಲೆ ಹೊತ್ತ ಜನ, ಯಾರನ್ನೂ ಕೊಲ್ಲದೆ ಬರುವ ಈ ಒಂದು ರಕ್ತಕ್ಕೆ ಮೂಗು ಮುಚ್ಚುವುದು ಸರಿಯೇ? ದುಶ್ಶಾಸನನ ರಕ್ತ ಸುಂದರ, ದ್ರೌಪದಿಯ ರಕ್ತ ಅಸಹ್ಯ ಎನ್ನುವ ರಸಶಾಸ್ತ್ರ ಯಾವುದು? ಏಕವಸ್ತ್ರೆಯಾಗಿ ಮುಟ್ಟಿನಲ್ಲಿದ್ದವಳನ್ನೇ ಸಭೆಗೆ ಎಳೆದು ತಂದರು ಎಂಬುದು ಮಹಾಭಾರತದ ನಡುಗುಂಡಿಗೆ. ಸೀರೆ ಬೆಳೆದದ್ದನ್ನು ಸಾವಿರ ಚಿತ್ರಗಳಲ್ಲಿ ನೋಡಿದ ನಾವು ಅವಳ ಆ ಸ್ಥಿತಿಯನ್ನು ಕಾಣಿಸಿದ ಚಿತ್ರ ಎಷ್ಟು ನೋಡಿದ್ದೇವೆ?

ಆಕ್ಷೇಪದ ಇನ್ನೊಂದು ಭಾಗದಲ್ಲಿ ಹುರುಳಿದೆ ಎಂದೇ ನನ್ನ ಎಣಿಕೆ. ಬೆಚ್ಚಿಬೀಳಿಸುವ ಚಿತ್ರ ಒಂದು ಸಲ ಬೆಚ್ಚಿಸುತ್ತದೆ, ಎರಡನೆಯ ಸಲಕ್ಕೆ ಘೋಷಣೆಯಾಗುತ್ತದೆ. ಬೆಚ್ಚಿದ ಕಣ್ಣು ಪಳಗುವುದಿಲ್ಲ, ಇನ್ನಷ್ಟು ಬಿಗಿಯಾಗಿ ಮುಚ್ಚಿಕೊಳ್ಳಲೂಬಹುದು. ಪ್ಯಾಡಿನ ಜಾಹೀರಾತುಗಳು ದಶಕಗಟ್ಟಲೆ ಕೆಂಪಿನ ಬದಲು ನೀಲಿ ನೀರು ಸುರಿದು ತೋರಿಸಿದ್ದು ಒಂದು ತುದಿಯಾದರೆ, ಬರೀ ರಕ್ತವನ್ನೇ ಮುಖಕ್ಕೆ ಹಿಡಿಯುವುದು ಇನ್ನೊಂದು ತುದಿ. ಇವೆರಡರ ನಡುವೆ ಕನ್ನಡ ನೆಲದ ಕಲಾವಿದೆಯೊಬ್ಬರು ಹಿಡಿದ ದಾರಿ ನನಗೆ ಹೆಚ್ಚು ದೂರ ಹೋಗುವಂತೆ ಕಾಣುತ್ತದೆ. ಭದ್ರಾವತಿಯಲ್ಲಿ 1957ರಲ್ಲಿ ಹುಟ್ಟಿದ ಶೀಲಾ ಗೌಡ 1998ರಲ್ಲಿ ಮಾಡಿದ ಕೃತಿಯೊಂದಿದೆ. ಅದರ ಇಂಗ್ಲಿಷ್ ಹೆಸರನ್ನು ಕನ್ನಡದಲ್ಲಿ ‘ನನ್ನ ನೋವನ್ನು ಅವನಿಗೆ ತಿಳಿಸು’ ಎನ್ನಬಹುದು. ಉದ್ದುದ್ದ ದಾರಗಳನ್ನು ಒಂದೊಂದಾಗಿ ಸೂಜಿಯ ಕಣ್ಣಿನಲ್ಲಿ ಪೋಣಿಸಿ, ಕುಂಕುಮ ಕಲಸಿದ ಅಂಟು ಬಳಿದು, ಒಟ್ಟು ಸೇರಿಸಿ ಹಗ್ಗ ಮಾಡಿದ್ದಾರೆ. ಆ ಕೆಂಪು ಹಗ್ಗ ಗೋಡೆಯಿಂದ ಇಳಿದು, ನೆಲದ ಮೇಲೆ ಸುತ್ತಿ, ಮತ್ತೆ ಮೇಲೇರಿ, ಕೊನೆಗೆ ಸೂಜಿಗಳ ಗೊಂಚಲಾಗಿ ಮುಗಿಯುತ್ತದೆ. ದೂರದಿಂದ ನೋಡಿದರೆ ಹೊಕ್ಕುಳ ಬಳ್ಳಿಯಂತೆ, ಕರುಳಿನಂತೆ, ಹರಿಯುವ ರಕ್ತದಂತೆ. ಹತ್ತಿರ ಹೋದರೆ ಹೆಂಗಸರ ಕೈಕೆಲಸದ ಸೂಜಿ, ದಾರ, ಹಣೆಯ ಕುಂಕುಮ. ಕೃತಿಯ ಹೆಸರಿನಲ್ಲಿ ಮುಟ್ಟಿನ ಮಾತಿಲ್ಲ, ಮುಟ್ಟಿಗೆ ಮಾತ್ರ ಅದನ್ನು ಕಟ್ಟಿಹಾಕುವುದೂ ತಪ್ಪು. ಆದರೆ ಹಣೆಯ ಮೇಲಿದ್ದರೆ ಮಂಗಲ, ಸೀರೆಯ ಮೇಲಾದರೆ ಅಮಂಗಲ ಎಂದು ಒಂದೇ ಕೆಂಪನ್ನು ಎರಡು ಮಾಡಿಕೊಂಡ ನಮ್ಮ ಮನಸ್ಸಿಗೆ, ಆ ಎರಡೂ ಕೆಂಪನ್ನು ಒಂದೇ ಹಗ್ಗದಲ್ಲಿ ಹೊಸೆದು ಕೊಡುವ ಈ ಕೃತಿ ಕೇಳುವ ಪ್ರಶ್ನೆ ಸಣ್ಣದಲ್ಲ. ಇಲ್ಲಿ ಪೂಜೆಯಿಲ್ಲ, ಮರೆಯೂ ಇಲ್ಲ. ಒಂದು ಕೈ ಗಂಟೆಗಟ್ಟಲೆ ಮಾಡಿದ ಕೆಲಸ ಇದೆ, ನೋವು ಇದೆ, ಅದನ್ನು ಹೇಳಬೇಕು ಎಂಬ ಹಟ ಇದೆ.

ಕೊನೆಯದಾಗಿ ಕಾಡುಗೊಲ್ಲರ ಕಡೆಯಿಂದ ಬರುವ ಆಕ್ಷೇಪ. ಬಹುಶಃ ಎಲ್ಲಕ್ಕಿಂತ ನ್ಯಾಯವಾದದ್ದು ಅದೇ. ಪ್ರತಿ ಸಲ ಕ್ಯಾಮರಾ ಬರುವುದು ನಮ್ಮ ಹಟ್ಟಿಗೆ, ನಿಮ್ಮ ಮನೆಗಳು ಅಷ್ಟು ಶುದ್ಧವೇ ಎಂದು ಅವರು ಕೇಳಿದರೆ ಉತ್ತರಿಸುವುದು ಕಷ್ಟ. ಗೃಹಪ್ರವೇಶಕ್ಕೆ, ಮದುವೆಗೆ, ತಿರುಪತಿ ಯಾತ್ರೆಗೆ ದಿನ ಗೊತ್ತಾದ ಕೂಡಲೇ ಮುಟ್ಟು ಮುಂದೂಡುವ ಮಾತ್ರೆಗೆ ಮೆಡಿಕಲ್ ಶಾಪಿಗೆ ಹೋಗುವುದು ನಗರದ ಓದಿದ ಮನೆಗಳೇ. ಗುಡಿಸಲು ಅಲ್ಲಿ ಮೈಯೊಳಕ್ಕೇ ಹೋಗಿದೆ, ಹಾರ್ಮೋನಿನ ರೂಪದಲ್ಲಿ. ಎಲ್ಲ ವಯಸ್ಸಿನ ಹೆಂಗಸರಿಗೂ ಪ್ರವೇಶ ಕೊಟ್ಟ ಶಬರಿಮಲೆಯ ತೀರ್ಪು 2018ರ ಸೆಪ್ಟೆಂಬರ್ 28ರಂದು ಬಂದಾಗ ಬೀದಿಗಿಳಿದವರಲ್ಲಿ ಪದವೀಧರರು ಕಡಿಮೆಯಿರಲಿಲ್ಲ. ಹಾಗಾಗಿ ಹಟ್ಟಿಯನ್ನು ಹೊರಗಿನಿಂದ ಚಿತ್ರಿಸಿ ‘ನೋಡಿ, ಎಂಥ ಮೌಢ್ಯ’ ಎಂದು ತೋರಿಸುವ ಸಾಕ್ಷ್ಯಚಿತ್ರ, ಫೋಟೊಗಳಿಂದ ನಾನು ಹೆಚ್ಚೇನೂ ನಿರೀಕ್ಷಿಸುವುದಿಲ್ಲ. ಅದೂ ಹೆಣ್ಣಿನ ಮೈಯನ್ನು ಇನ್ನೊಬ್ಬರ ಕಣ್ಣಿಗೆ ಒಪ್ಪಿಸುವ ಕೆಲಸವೇ. ಹಟ್ಟಿಯ ಒಳಗೇ ಕಲೆಯ ದೊಡ್ಡ ಕಣಜವಿದೆ. ಜುಂಜಪ್ಪ, ಎತ್ತಪ್ಪ ಮೊದಲಾದ ಕಾಡುಗೊಲ್ಲರ ವೀರರ ಕಥನಗಳು ಕನ್ನಡದ ದೊಡ್ಡ ಮೌಖಿಕ ಕಾವ್ಯಗಳ ಸಾಲಿನವು. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿಯದೆ ಸಾವಿರಾರು ಪದಗಳನ್ನು ನೆನಪಿನಲ್ಲಿಟ್ಟುಕೊಂಡು ಹಾಡಿದವರು. ಅವರ ಹಾಡನ್ನು ಕೃಷ್ಣಮೂರ್ತಿ ಹನೂರರು ಕನ್ನಡದ ಓದುಗರಿಗೆ ತಲುಪಿಸಿದರು. ಯೋಚಿಸಿ ನೋಡಬೇಕು. ಹೆಣ್ಣಿನ ಮುಟ್ಟು ತಾಗಿದರೆ ದೇವರು ಮುನಿಯುತ್ತಾನೆ ಎಂದು ಅವಳನ್ನು ಹೊರಗಿಡುವ ಸಮುದಾಯ, ಆ ದೇವರ ಕಥೆಯನ್ನು ಹೆಣ್ಣಿನ ಗಂಟಲಲ್ಲಿ ಜೋಪಾನ ಮಾಡಿ ಇಟ್ಟಿದೆ. ಮೈ ಹೊರಗಿದ್ದಾಗಲೂ ಪದ ಒಳಗೇ ಇತ್ತು. ದೇವರ ಪದ ಕಟ್ಟಬಲ್ಲ ಗಂಟಲಿಗೆ ಗುಡಿಸಲಿನ ಪದ ಕಟ್ಟುವುದು ಆಗದ ಕೆಲಸವೇನಲ್ಲ.

ಜನಪದ ಸಂಗ್ರಹಕ್ಕೆ ಹೋದವರು ಇಷ್ಟು ಕಾಲ ಜುಂಜಪ್ಪನನ್ನು ಕೇಳಿದ್ದಾರೆ, ಸೋಬಾನೆ ಕೇಳಿದ್ದಾರೆ, ಒಸಗೆ ಕೇಳಿದ್ದಾರೆ. ಮುಂದೆ ಹೋಗುವವರು, ಅದರಲ್ಲೂ ಹಟ್ಟಿಯಿಂದಲೇ ಬಂದು ತುಮಕೂರಿನ ಕಾಲೇಜುಗಳಲ್ಲಿ ಓದುತ್ತಿರುವ ಹೆಣ್ಣುಮಕ್ಕಳು, ಬೇರೆ ಪ್ರಶ್ನೆಗಳನ್ನೂ ಕೇಳಬಹುದು. ಹೊರಗಿದ್ದ ರಾತ್ರಿಗಳಲ್ಲಿ ಇಬ್ಬರು ಮೂವರು ಹೆಂಗಸರು ಒಟ್ಟಿಗಿದ್ದಾಗ ಏನು ಮಾತಾಡಿಕೊಂಡಿರಿ, ಯಾರನ್ನು ಬೈದಿರಿ, ಯಾವ ಪದ ಹೇಳಿಕೊಂಡಿರಿ, ಮಳೆ ಸೋರಿದಾಗ ಕೂಸನ್ನು ಎಲ್ಲಿಟ್ಟುಕೊಂಡಿರಿ, ಒಗೆದ ಬಟ್ಟೆಯನ್ನು ಎಲ್ಲಿ ಒಣಹಾಕಿದಿರಿ. ಕೊನೆಯದು ಸಣ್ಣ ಪ್ರಶ್ನೆಯಂತೆ ಕಾಣುತ್ತದೆ. ಮುಟ್ಟಿನ ಬಟ್ಟೆಯನ್ನು ಸೋಪು ಹಾಕಿ ಒಗೆದು ಚುರುಕು ಬಿಸಿಲಿಗೆ ಹಾಕಬೇಕು, ಇಲ್ಲದಿದ್ದರೆ ಸೋಂಕಾಗುತ್ತದೆ ಎಂದು ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೇಳಿ ಬರುತ್ತಾರೆ. ಕೇಳಿದವರು ತಲೆಯಾಡಿಸುತ್ತಾರೆ. ಆಮೇಲೆ ಆ ಬಟ್ಟೆ ಬಚ್ಚಲಿನ ಮೂಲೆಯಲ್ಲಿ, ಹಳೇ ಲಂಗದ ಅಡಿಯಲ್ಲಿ, ಗಾಳಿಯಾಡದ ಕತ್ತಲಲ್ಲಿ ಅರೆಬರೆ ಒಣಗುತ್ತದೆ. ಬಿಸಿಲಿಗೆ ಹಾಕಿದರೆ ನಾಲ್ಕು ಜನ ನೋಡುತ್ತಾರಲ್ಲ ಎಂದು. ಅಂಗಳದ ಹಗ್ಗದ ಮೇಲೆ ಗಂಡಸರ ಪಂಚೆ, ಮಕ್ಕಳ ಚಡ್ಡಿ, ಅಡುಗೆಮನೆಯ ಮಸಿಬಟ್ಟೆಗೆಲ್ಲ ಜಾಗವಿದೆ. ಅವುಗಳ ಪಕ್ಕದಲ್ಲಿ ಆ ನಾಲ್ಕನೆಯ ಬಟ್ಟೆಯನ್ನೂ ಬಿಸಿಲಿಗೆ ಹರಡಿ ಬರೆದ ಒಂದು ಚಿತ್ರ ತುಮಕೂರಿನ ಯಾವುದಾದರೂ ಶಾಲೆಯ ಗೋಡೆಯ ಮೇಲೆ ಬರಬೇಕು.